ಸಂಜೆಗೆ ಸೋಲುವ ಕೈಗಳು

ಕಣ್ಣರೆಪ್ಪೆ ಎತ್ತುವುದು, ತುತ್ತು ಅಗಿದು ನುಂಗುವುದು, ತುಂಬಿದ ಕೊಡವನ್ನು ಸೊಂಟಕ್ಕೇರಿಸುವುದು – ಇವೆಲ್ಲ ಮನಸ್ಸು ಬಯಸಿದೊಡನೆ ನಡೆದುಹೋಗುವ ಕೆಲಸಗಳು. ಬಯಸುವ ಮನಸ್ಸಿಗೂ ದುಡಿಯುವ ಸ್ನಾಯುವಿಗೂ ನಡುವೆ ಒಂದು ಅತಿ ಸಣ್ಣ ತೆರಪು ಇದೆ. ಆ ತೆರಪನ್ನು ದಾಟಿಯೇ ಪ್ರತಿಯೊಂದು ಆಜ್ಞೆಯೂ ಸಾಗಬೇಕು. ಈ ಸಂಗತಿ ಪಾಠಪುಸ್ತಕಗಳಲ್ಲಿದೆ. ಹಲವು ವರ್ಷ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾವು ಅದನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದು ತೋರಿಸಿದ್ದೇವೆ. ಆದರೆ ಅದು ನಮ್ಮ ಮನೆಯ ಸಂಗತಿಯಾದದ್ದು ನಮ್ಮ ತಂಗಿಯ ಬೇನೆಯಿಂದ. ಇಂತಹ ಬೇನೆ ಇನ್ನೆಷ್ಟೋ ಮನೆಗಳಲ್ಲಿ ಬೇರೆ ಹೆಸರಿನಿಂದ ಬದುಕುತ್ತಿರಬಹುದಾದ ಕಾರಣ, ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಉಚಿತವೆಂದು ತೋರಿತು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಮ್ಮ ತಂಗಿಯನ್ನು ಮಲಪ್ರಭೆಯ ದಂಡೆಯ ಒಂದು ಊರಿನ ಒಕ್ಕಲುತನದ ಮನೆಗೆ ಕೊಟ್ಟಿದ್ದೆವು. ಹದಿನಾಲ್ಕು ಮಂದಿಯ ಕೂಡು ಕುಟುಂಬ. ಬೆಳಗಿನ ಜಾವ ಎದ್ದು ಒಂದೇ ಕೂರಿಗೆ ಮೂವತ್ತು ನಾಲ್ವತ್ತು ಜೋಳದ ರೊಟ್ಟಿ ಬಡಿಯುವ ಕೈ ಅವಳದು. ಮದುವೆಯಾದ ಆರನೆಯ ವರುಷಕ್ಕೆ ಆ ಕೈ ಸೋಲತೊಡಗಿತು. ಮುಂಜಾನೆ ಎಂದಿನಂತೆ ಕೆಲಸ ಮಾಡುವಳು. ಮಧ್ಯಾಹ್ನಕ್ಕೆ ತೋಳು ಭಾರವಾಗುವುದು. ಸಂಜೆಯ ರೊಟ್ಟಿಗೆ ಕುಳಿತರೆ ನಾಲ್ಕನೆಯದಕ್ಕೆ ಕೈ ಏಳದು. ಊಟದ ಹೊತ್ತಿಗೆ ರೆಪ್ಪೆಗಳು ಇಳಿಬಿದ್ದು ನಿದ್ದೆಗಣ್ಣಿನವಳಂತೆ ಕಾಣುವಳು. ಒಂದು ಗಳಿಗೆ ಅಡ್ಡಾಗಿ ಎದ್ದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಜ್ವರವಿಲ್ಲ, ನೋವಿಲ್ಲ, ಮೈಯಲ್ಲಿ ಬಾವಿಲ್ಲ. ನೋಡುವವರ ಕಣ್ಣಿಗೆ ಏನೂ ಇಲ್ಲ.

ಏನೂ ಕಾಣದ ಬೇನೆಗೆ ಮನೆಯವರು ಯಾವ ಹೆಸರಿಟ್ಟಾರು? ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಕರೆತರಲು ಹೋದಾಗ ಅವಳ ಅತ್ತೆಯವರು ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ, “ಏನ್ ಹೇಳಲ್ರೀ ಬೀಗರ, ಮುಂಜಾನೆ ಇದ್ದ ಕೈ ಸಂಜೀಕ ಎಲ್ಲಿ ಹೋಗ್ತಾವ್ರಿ?” ಎಂದರು. ಕಾಯಕವನ್ನು ದೊಡ್ಡದೆಂದು ನಂಬಿ ಬಾಳುವ ಮನೆತನಗಳಲ್ಲಿ ‘ಮೈಗಳ್ಳಿ’ ಎಂಬ ಮಾತಿಗಿಂತ ಕಠಿಣವಾದ ಮಾತು ಇನ್ನೊಂದಿಲ್ಲ. ಅವರು ಆ ಮಾತನ್ನು ಆಡಲಿಲ್ಲ. ಆಡದೆಯೇ ಅದು ಅಂಗಳದಲ್ಲಿ ನಿಂತಿತ್ತು. ತಂಗಿ ತಲೆತಗ್ಗಿಸಿ ಗಂಟು ಕಟ್ಟುತ್ತಿದ್ದಳು. ಹಬ್ಬ ಮುಗಿದ ಮೇಲೆ ಅವಳನ್ನು ಮರಳಿ ಕಳಿಸುವ ಅವಸರವಿಲ್ಲವೆಂಬ ಇಂಗಿತವೂ ಆ ಮನೆಯ ಹಿರಿಯರ ಮಾತಿನಲ್ಲಿ ಇತ್ತು.

ಅಷ್ಟರೊಳಗೆ ಔಷಧೋಪಚಾರಗಳು ನಡೆದೇ ಇದ್ದವು. ಒಬ್ಬ ವೈದ್ಯರು ರಕ್ತ ಕಡಮೆಯೆಂದು ಕಬ್ಬಿಣಾಂಶದ ಟಾನಿಕ್ ಕೊಟ್ಟಿದ್ದರು. ಇನ್ನೊಬ್ಬರು ನರ ದೌರ್ಬಲ್ಯವೆಂದು ಹತ್ತು ಸೂಜಿ ಚುಚ್ಚಿದ್ದರು. ನೆರೆಮನೆಯವರು ದೃಷ್ಟಿ ತಗುಲಿದೆಯೆಂದು ದಾರ ಕಟ್ಟಿಸಿದ್ದರು. ತವರಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಾಗ ಅವಳು ನಾಲ್ಕು ಸಲ ಜೀಕಿ, “ಅಣ್ಣಾ, ಹಗ್ಗ ಹಿಡೀಲಾಕ ಆಗವಲ್ದು” ಎಂದು ಇಳಿದುಬಿಟ್ಟಳು. ಆ ರಾತ್ರಿ ಉಂಡಿ ತಿನ್ನುವಾಗ ಅಗಿಯುತ್ತ ಅಗಿಯುತ್ತ ದವಡೆ ನಿಂತಿತು. ಮಾತು ಮೂಗಿನಿಂದ ಬಂದಂತೆ ಕೇಳಿಸಿತು. ಮರುದಿನ ತಾಲೂಕಿನ ಊರಿಗೆ ಕರೆದುಕೊಂಡು ಹೋದೆವು.

ಅಲ್ಲಿದ್ದ ಕಿರಿಯ ವಯಸ್ಸಿನ ವೈದ್ಯರು ಬಹಳ ಮಾತಾಡಲಿಲ್ಲ. “ಅಕ್ಕಾರ, ಒಂದ್ ನಿಮಿಷ ಸೂರು ನೋಡ್ರಿ, ಕಣ್ಣು ಕೆಳಗ ಇಳಸಬ್ಯಾಡ್ರಿ” ಎಂದರು. ಮೇಲೆ ನೋಡುತ್ತಿದ್ದಂತೆಯೇ ಅವಳ ಎರಡೂ ರೆಪ್ಪೆಗಳು, ಸಂಜೆಯ ಅಂಗಡಿಯ ಬಾಗಿಲಿನಂತೆ, ತಾವಾಗಿ ಇಳಿದವು. ಬಳಿಕ ಮಂಜುಗಡ್ಡೆಯ ಚೂರನ್ನು ರಬ್ಬರಿನ ಕೈಗವಸಿನಲ್ಲಿ ಸುತ್ತಿ, ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಇರಿಸಿದರು. ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ನಮಗೆ ಕಣ್ಕಟ್ಟಿನಂತೆ ತೋರಿದ ಈ ಪರೀಕ್ಷೆಯ ತಿರುಳು ಮುಂದೆ ತಿಳಿಯಿತು. “ಇದು ಸೋಮಾರಿತನವಲ್ಲ, ಮಯಸ್ತೇನಿಯಾ ಗ್ರೇವಿಸ್ ಇರಬಹುದು” ಎಂದು ಬರೆದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ನರವನ್ನು ವಿದ್ಯುತ್ತಿನಿಂದ ಮತ್ತೆ ಮತ್ತೆ ತಟ್ಟಿ ಸ್ನಾಯುವಿನ ಉತ್ತರವನ್ನು ಅಳೆದರು. ಉತ್ತರ ಹಂತ ಹಂತವಾಗಿ ಕುಂದುತ್ತ ಹೋಗುವುದನ್ನು ಯಂತ್ರವೇ ಬರೆದು ತೋರಿಸಿತು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು.

ಅತ್ತೆಯವರ ಪ್ರಶ್ನೆ ಕುಹಕದ್ದಾಗಿದ್ದರೂ ಸರಿಯಾದ ಪ್ರಶ್ನೆಯೇ ಆಗಿತ್ತು. ಮುಂಜಾನೆ ಇದ್ದ ಶಕ್ತಿ ಸಂಜೆಗೆ ಎಲ್ಲಿ ಹೋಗುತ್ತದೆ? ಇದಕ್ಕೆ ಉತ್ತರ ಹುಡುಕಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿಯಿತು. ಆ ಕಥೆಯಲ್ಲಿ ಬಾಣದ ವಿಷವಿದೆ, ಕಪ್ಪೆಯಿದೆ, ಮೀನಿದೆ, ಹಾವೂ ಇದೆ.

ದಕ್ಷಿಣ ಅಮೆರಿಕದ ಕಾಡುಗಳ ಬೇಟೆಗಾರರು ‘ಕ್ಯುರಾರೆ’ ಎಂಬ ಗಿಡಮೂಲದ ವಿಷವನ್ನು ಬಾಣಕ್ಕೆ ಸವರುತ್ತಿದ್ದರು. ತಗುಲಿದ ಪ್ರಾಣಿ ಮೈ ಸಡಿಲವಾಗಿ, ಉಸಿರಾಡಲಾರದೆ ಸಾಯುತ್ತಿತ್ತು. 1850ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲಾಡ್ ಬರ್ನಾರ್ಡ್ ಈ ವಿಷವನ್ನು ಕಪ್ಪೆಗೆ ಕೊಟ್ಟು ನೋಡಿದರು. ನರವನ್ನು ಕೆರಳಿಸಿದರೆ ಸ್ನಾಯು ಅಲುಗದು. ಸ್ನಾಯುವನ್ನೇ ನೇರವಾಗಿ ಕೆರಳಿಸಿದರೆ ಅದು ಚೆನ್ನಾಗಿಯೇ ಸಂಕುಚಿಸುವುದು. ಹಾಗಾದರೆ ಸ್ನಾಯು ಕೆಟ್ಟಿಲ್ಲ. ಎರಡೂ ಸೇರುವ ಎಡೆಯಲ್ಲೇ ಏನೋ ತಡೆಯಾಗಿದೆ. 1905ರಲ್ಲಿ ಕೇಂಬ್ರಿಜ್ಜಿನ ಜಾನ್ ಲ್ಯಾಂಗ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ನರವನ್ನು ಕತ್ತರಿಸಿ ಅದು ನಶಿಸಿದ ಮೇಲೂ ಹೊಗೆಸೊಪ್ಪಿನ ನಿಕೋಟಿನ್ ಸ್ನಾಯುವನ್ನು ಕೆರಳಿಸುತ್ತಿತ್ತು. ಕ್ಯುರಾರೆ ಆ ಕೆರಳಿಕೆಯನ್ನು ತಡೆಯುತ್ತಿತ್ತು. ಸ್ನಾಯುವಿನ ಮೈಮೇಲೆಯೇ ಇವುಗಳನ್ನು ಬರಮಾಡಿಕೊಳ್ಳುವ ಯಾವುದೋ ವಸ್ತುವಿರಬೇಕೆಂದು ಅವರು ಊಹಿಸಿದರು. ಇಂದು ನಾವು ರಿಸೆಪ್ಟರ್ ಅಥವಾ ಗ್ರಾಹಿ ಎಂದು ಕರೆಯುವುದು ಅದನ್ನೇ. ಯಾರೂ ಕಾಣದ ಒಂದು ಬಾಗಿಲು ಅಲ್ಲಿದೆಯೆಂದು, ಬೀಗದ ಕೈಗಳ ನಡತೆಯಿಂದಲೇ ತಿಳಿದ ಜಾಣ್ಮೆ ಇದು.

ಆ ಬಾಗಿಲಿಗೆ ದೇಹವೇ ತಯಾರಿಸುವ ಬೀಗದ ಕೈ ಯಾವುದು? ಆಸ್ಟ್ರಿಯಾದ ಗ್ರಾಜ್ ನಗರದ ಆಟೊ ಲೋವಿ ಇದಕ್ಕೊಂದು ಪ್ರಯೋಗವನ್ನು ಕನಸಿನಲ್ಲಿ ಕಂಡರೆಂಬುದು ಅವರೇ ಹೇಳಿದ ಕಥೆ. ನಡುರಾತ್ರಿ ಎದ್ದು ಚೀಟಿಯಲ್ಲಿ ಬರೆದರು. ಬೆಳಗ್ಗೆ ತಮ್ಮ ಬರಹ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ವಿಚಾರ ಮತ್ತೆ ಹೊಳೆದಾಗ ಬರೆಯುವ ಗೋಜಿಗೆ ಹೋಗದೆ ನೇರವಾಗಿ ಪ್ರಯೋಗಶಾಲೆಗೆ ನಡೆದರು. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತವನ್ನು ನಿಧಾನಗೊಳಿಸಿ, ಆ ಹೃದಯವನ್ನು ತೊಳೆದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಯಿಸಿದರು. ಅದರ ಬಡಿತವೂ ನಿಧಾನವಾಯಿತು. ನರ ತನ್ನ ಮಾತನ್ನು ಒಂದು ರಾಸಾಯನಿಕದ ಮೂಲಕ ಹೇಳುತ್ತದೆಯೆಂಬುದು ಇದರಿಂದ ಸಿದ್ಧವಾಯಿತು. 1921ರಲ್ಲಿ ಇದು ಪ್ರಕಟವಾಯಿತು. ಆ ರಾಸಾಯನಿಕವೇ ಅಸಿಟೈಲ್ ಕೋಲೀನ್. ಸ್ನಾಯುಗಳಿಗೂ ನರ ಇದನ್ನೇ ಕಳಿಸುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಸಂಗಡಿಗರು ತೋರಿಸಿದರು. 1936ರ ನೊಬೆಲ್ ಪ್ರಶಸ್ತಿ ಲೋವಿ ಮತ್ತು ಡೇಲ್ ಇಬ್ಬರಿಗೂ ಸಂದಿತು.

ಈಗ ಆ ತೆರಪಿನಲ್ಲಿ ನಡೆಯುವುದನ್ನು ಹೀಗೆ ಚಿತ್ರಿಸಿಕೊಳ್ಳಬಹುದು. ನರದ ತುದಿಗೂ ಸ್ನಾಯುವಿಗೂ ನಡುವಿನ ಅಂತರ ಒಂದು ಕೂದಲೆಳೆಯ ದಪ್ಪದ ಸುಮಾರು ಸಾವಿರದ ಒಂದು ಪಾಲು. ಆಜ್ಞೆ ಬಂದೊಡನೆ ನರದ ತುದಿಯಲ್ಲಿರುವ ಸಣ್ಣ ಸಣ್ಣ ಚೀಲಗಳು ಒಡೆದು ಅಸಿಟೈಲ್ ಕೋಲೀನನ್ನು ಸುರಿಯುತ್ತವೆ. ಒಂದೊಂದು ಚೀಲದಲ್ಲಿ ಅದರ ಸಾವಿರಾರು ಅಣುಗಳು. ಆಚೆ ದಡದಲ್ಲಿ ಗ್ರಾಹಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದು ಗ್ರಾಹಿಯೂ ಐದು ಪ್ರೋಟೀನುಗಳು ದುಂಡಗೆ ಕೂಡಿ ಆದ ಬಾಗಿಲು. ಎರಡು ಅಣುಗಳು ಬಂದು ಅಂಟಿಕೊಂಡರೆ ಅದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ತೆರೆಯುತ್ತದೆ, ಸೋಡಿಯಂ ಕಣಗಳು ಒಳನುಗ್ಗುತ್ತವೆ, ಸ್ನಾಯು ಸಂಕುಚಿಸುತ್ತದೆ. ಅಷ್ಟರಲ್ಲಿ ತೆರಪಿನಲ್ಲೇ ಕಾದಿರುವ ಒಂದು ಕಿಣ್ವ ಉಳಿದ ಅಸಿಟೈಲ್ ಕೋಲೀನನ್ನು ಒಡೆದು ಅಂಗಳ ಗುಡಿಸಿಬಿಡುತ್ತದೆ, ಮುಂದಿನ ಆಜ್ಞೆಗೆ ಎಡೆಯಾಗುವಂತೆ. ಒಂದೊಂದೇ ಬಾಗಿಲಿನ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು 1976ರಲ್ಲಿ ಜರ್ಮನಿಯ ಎರ್ವಿನ್ ನೇಯರ್ ಮತ್ತು ಬರ್ಟ್ ಸಾಕ್‌ಮನ್ ಅಳೆದು ತೋರಿಸಿದರು. ಅವರಿಗೆ 1991ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ನಮ್ಮ ತಂಗಿಗೆ ಕೊಟ್ಟ ಗುಳಿಗೆಯ ಮೂಲ 1934ರಷ್ಟು ಹಿಂದಿನದು. ಲಂಡನ್ನಿನ ಗ್ರೀನಿಚ್ ಭಾಗದ ಸೇಂಟ್ ಆಲ್ಫೀಜ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಮೇರಿ ವಾಕರ್ ಎಂಬ ವೈದ್ಯೆ, ಈ ಬೇನೆಯವರ ಸ್ಥಿತಿ ಕ್ಯುರಾರೆ ವಿಷವೇರಿದವರ ಸ್ಥಿತಿಯಂತೆಯೇ ಇದೆಯಲ್ಲ ಎಂದು ಯೋಚಿಸಿದರು. ಕ್ಯುರಾರೆಗೆ ಫೈಸೊಸ್ಟಿಗ್ಮಿನ್ ಪ್ರತಿವಿಷ. ಅದನ್ನೇ ಇವರಿಗೆ ಕೊಟ್ಟರೆ ಹೇಗೆ? ಕೊಟ್ಟರು; ಇಳಿಬಿದ್ದ ರೆಪ್ಪೆ ಎದ್ದಿತು, ನುಂಗಲಾರದವರು ನುಂಗಿದರು. ಆ ಔಷಧ ಅಂಗಳ ಗುಡಿಸುವ ಕಿಣ್ವವನ್ನು ತುಸು ತಡೆಹಿಡಿಯುತ್ತದೆ. ಆಗ ಅಸಿಟೈಲ್ ಕೋಲೀನ್ ಹೆಚ್ಚು ಹೊತ್ತು ತೆರಪಿನಲ್ಲಿ ನಿಂತು, ಇರುವಷ್ಟು ಬಾಗಿಲುಗಳನ್ನೇ ಮತ್ತೆ ಮತ್ತೆ ತಟ್ಟುತ್ತದೆ. ಮಂಜುಗಡ್ಡೆಯ ಪರೀಕ್ಷೆಯ ತಿರುಳೂ ಹೆಚ್ಚು ಕಡಮೆ ಇದೇ: ಚಳಿಗೆ ಆ ಕಿಣ್ವದ ಕೆಲಸ ನಿಧಾನವಾಗುತ್ತದೆ. ಇಂದು ಬಳಕೆಯಲ್ಲಿರುವ ಪೈರಿಡೊಸ್ಟಿಗ್ಮಿನ್ ಅದೇ ವಂಶದ ಔಷಧ.

ಆದರೆ ಬಾಗಿಲುಗಳು ಏಕೆ ಸಾಲದಾದವು? ಇದನ್ನು ತಿಳಿಯಲು ಗ್ರಾಹಿಯನ್ನು ಕೈಗೆ ಹಿಡಿಯಬೇಕಿತ್ತು. ಅದಕ್ಕೆ ಒದಗಿದ್ದು ಹಾವು. ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ತಮ್ಮ ನಾಡಿನ ಕಟ್ಟುಹಾವಿನ ವಿಷದಿಂದ 1963ರಲ್ಲಿ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದು ಈ ಗ್ರಾಹಿಗೆ ಅಂಟಿಕೊಂಡರೆ ಬಿಡುವುದೇ ಇಲ್ಲ. ವಿದ್ಯುತ್ ಹರಿಸುವ ಮೀನುಗಳ ವಿದ್ಯುದಂಗದಲ್ಲಿ ಇಂತಹ ಗ್ರಾಹಿಗಳು ರಾಶಿ ರಾಶಿಯಾಗಿರುತ್ತವೆ. 1970ರಲ್ಲಿ ಪ್ಯಾರಿಸ್ಸಿನ ಜೀನ್ ಪಿಯೆರ್ ಶಾಂಜೆ, ಲೀಯವರೊಂದಿಗೆ ಸೇರಿ, ಹಾವಿನ ವಿಷವನ್ನೇ ಗಾಳವಾಗಿ ಬಳಸಿ ಮೀನಿನ ಅಂಗದಲ್ಲಿ ಗ್ರಾಹಿಯನ್ನು ಗುರುತಿಸಿದರು. ಊಹೆಯಾಗಿದ್ದದ್ದು ಹೀಗೆ ವಸ್ತುವಾಯಿತು.

ನಿರ್ಣಾಯಕವಾದ ವರ್ಷ 1973. ಅಮೆರಿಕದ ಸಾಲ್ಕ್ ಸಂಸ್ಥೆಯ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಮೀನಿನ ಗ್ರಾಹಿಯನ್ನು ಮೊಲಗಳಿಗೆ ಚುಚ್ಚಿದರು. ಅದರ ವಿರುದ್ಧ ಪ್ರತಿಕಾಯಗಳನ್ನು ಪಡೆಯುವುದಷ್ಟೇ ಅವರ ಉದ್ದೇಶ. ಮೊಲಗಳ ದೇಹ ಪ್ರತಿಕಾಯಗಳನ್ನು ತಯಾರಿಸಿತು. ಆದರೆ ಮೊಲಗಳೇ ಸೋತು, ಕತ್ತೆತ್ತಲಾರದೆ ಮಲಗಿದವು. ಕಿಣ್ವವನ್ನು ತಡೆಯುವ ಔಷಧ ಕೊಟ್ಟೊಡನೆ ಎದ್ದು ಕುಳಿತವು. ಅದೇ ವರ್ಷ ಫ್ಯಾಂಬ್ರೊ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ ಎಂಬ ಮೂವರು, ಅದೇ ಹಾವಿನ ವಿಷಕ್ಕೆ ವಿಕಿರಣದ ಗುರುತು ಹಚ್ಚಿ, ರೋಗಿಗಳ ಸ್ನಾಯುಗಳಲ್ಲಿ ಗ್ರಾಹಿಗಳನ್ನು ಎಣಿಸಿದರು. ಆರೋಗ್ಯವಂತರಲ್ಲಿ ಇರುವುದರ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಇದ್ದವು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತನ್ನ ಮನೆಯ ಬಾಗಿಲುಗಳನ್ನು ಪರರದೆಂದು ಬಗೆದು ಮುರಿಯುತ್ತಿತ್ತು. ಕಾವಲುಗಾರನೇ ಮನೆಯವರನ್ನು ಗುರುತು ಹಿಡಿಯದೆ ಹೊಡೆದಂತೆ.

ಇಲ್ಲಿ ಅತ್ತೆಯವರ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವಾಗ ನರ ಸುರಿಯುವ ಅಸಿಟೈಲ್ ಕೋಲೀನ್ ಸ್ವಲ್ಪ ಸ್ವಲ್ಪವಾಗಿ ಕಡಮೆಯಾಗುತ್ತದೆ. ಎಲ್ಲರಲ್ಲೂ ಹಾಗೆಯೇ. ಆದರೆ ಆರೋಗ್ಯವಂತರಲ್ಲಿ ಗ್ರಾಹಿಗಳು ಅಗತ್ಯಕ್ಕಿಂತ ಹೆಚ್ಚಾಗಿರುವುದರಿಂದ, ಕಣಜ ತುಂಬಿದ ಮನೆಯಲ್ಲಿ ಒಂದು ಸೇರು ಕಡಮೆಯಾದದ್ದು ತಿಳಿಯದಂತೆ, ಆ ಕೊರತೆ ತಿಳಿಯುವುದಿಲ್ಲ. ಬಾಗಿಲುಗಳು ಮುರಿದವರಲ್ಲಿ ಆ ಮಿಗತೆಯೇ ಇಲ್ಲ. ಮೊದಲ ಮೂರು ರೊಟ್ಟಿಗೆ ಸಾಲುವಷ್ಟು ಇದ್ದದ್ದು ನಾಲ್ಕನೆಯದಕ್ಕೆ ಸಾಲದು. ವಿಶ್ರಾಂತಿ ಸಿಕ್ಕಿದರೆ ನರದ ತುದಿ ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದಲೇ ಮುಂಜಾನೆಗೆ ಕೈ ಮರಳಿ ಬರುತ್ತದೆ. ಅವಳ ಮನಸ್ಸಿನಲ್ಲಿ ಕುಂದಿರಲಿಲ್ಲ, ತೋಳಿನಲ್ಲಿಯೂ ಇರಲಿಲ್ಲ. ಕಣ್ಣಿಗೆ ಕಾಣದ ತೆರಪಿನಲ್ಲಿತ್ತು.

ಬೆಂಗಳೂರಿನಲ್ಲಿ ಮೊದಲ ಗುಳಿಗೆ ನುಂಗಿ ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಅವಳು ಕಣ್ತುಂಬ ತೆರೆದು ನಮ್ಮನ್ನು ನೋಡಿದಳು. ಮುಂದೆ ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಔಷಧಗಳೂ ಸೇರಿದವು. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೂ ಈ ಬೇನೆಗೂ ನಂಟಿದೆಯೆಂದು ವಿವರಿಸಿ, ಅದನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಅದರಿಂದ ಆಗುವ ಉಪಕಾರಕ್ಕೆ ಆಗ ವೈದ್ಯರ ಅನುಭವವೇ ಮುಖ್ಯ ಆಧಾರವಾಗಿತ್ತು. ಹಲವು ದೇಶಗಳ 126 ರೋಗಿಗಳನ್ನು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿ, ಅದು ನಿಜವಾದ ಉಪಕಾರವೆಂದು ದೃಢಪಡಿಸಿತು. ಎಲ್ಲ ರೋಗಿಗಳ ಬೇನೆಯೂ ಒಂದೇ ಬಗೆಯದಲ್ಲ. ಗ್ರಾಹಿಯ ಬದಲು ಅದರ ನೆರೆಯ ‘ಮಸ್ಕ್’ ಎಂಬ ಪ್ರೋಟೀನನ್ನು ಹೊಡೆಯುವ ಪ್ರತಿಕಾಯಗಳು ಕೆಲವರಲ್ಲಿ ಇರುತ್ತವೆಂದು 2001ರಲ್ಲಿ ತಿಳಿಯಿತು. ರಕ್ತದಲ್ಲಿನ ಪ್ರತಿಕಾಯಗಳನ್ನೇ ಕಡಮೆ ಮಾಡುವ ಎಫ್‌ಗಾರ್ಟಿಜಿಮಾಡ್ ಎಂಬ ಹೊಸ ಔಷಧಕ್ಕೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ದೊರೆತಿದೆ. ಅದರ ಬೆಲೆ ಮಾತ್ರ ಸಾಮಾನ್ಯ ಕುಟುಂಬದ ಕೈಗೆಟುಕುವಂಥದಲ್ಲ.

ತಂಗಿ ಗಂಡನ ಮನೆಗೆ ಮರಳಿದಳು. ನಾವೇ ಹೋಗಿ ಬೀಗರ ಮನೆಯ ಪಡಸಾಲೆಯಲ್ಲಿ ಕುಳಿತು, ಈ ಬಾಗಿಲು ಬೀಗದ ಕೈಗಳ ಕಥೆಯನ್ನೆಲ್ಲ ಬಿಡಿಸಿ ಹೇಳಿದೆವು. ಅತ್ತೆಯವರು ಕಡೆಯವರೆಗೆ ಸುಮ್ಮನೆ ಕೇಳಿ, “ಹಂಗಾದ್ರ ಅಕಿ ಸುಳ್ಳ ಹೇಳಿರಲಿಲ್ಲ” ಎಂದಷ್ಟೇ ಅಂದರು. ಅಂದಿನಿಂದ ಸಂಜೆಯ ರೊಟ್ಟಿಗೆ ಹಿರಿಸೊಸೆ ಕುಳಿತರೆ, ನಮ್ಮ ತಂಗಿ ಮುಂಜಾನೆಯ ಪಾಲು ಪೂರ್ತಿ ವಹಿಸಿಕೊಂಡಳು. ಔಷಧದಷ್ಟೇ ಈ ಏರ್ಪಾಡೂ ಅವಳನ್ನು ಉಳಿಸಿತೆಂದು ನಾವು ನಂಬಿದ್ದೇವೆ.

ನಮ್ಮ ನಾಡಿನ ಮನೆಗಳಿಗೆ ಈ ತೆರಪಿನ ಸಂಬಂಧ ಇನ್ನೆರಡು ದಾರಿಗಳಿಂದಲೂ ಉಂಟು. ಮೊದಲನೆಯದು ಹಾವು. ನಾಗರಹಾವಿನ ವಿಷದಲ್ಲಿರುವ ನರವಿಷ ಇದೇ ಗ್ರಾಹಿಗಳನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷ ಮುಖ್ಯವಾಗಿ ನರದ ತುದಿಯನ್ನೇ ಕೆಡಿಸುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಎಷ್ಟೋ ವೇಳೆ ನೋವೂ ಇಲ್ಲ, ಗುರುತೂ ಇಲ್ಲ. ಬೆಳಗ್ಗೆ ಎದ್ದವರಿಗೆ ಹೊಟ್ಟೆನೋವು, ಇಳಿಬೀಳುವ ರೆಪ್ಪೆ, ತೊದಲುವ ಮಾತು ಕಂಡರೆ ಒಂದು ಕ್ಷಣವನ್ನೂ ಮಂತ್ರ ತಂತ್ರಗಳಲ್ಲಿ ಕಳೆಯದೆ, ಪ್ರತಿವಿಷವೂ ಉಸಿರಾಟದ ಯಂತ್ರವೂ ಇರುವ ಆಸ್ಪತ್ರೆಗೆ ಒಯ್ಯಬೇಕು. ಎರಡನೆಯದು ಹೊಲಕ್ಕೆ ಹೊಡೆಯುವ ಎಣ್ಣೆ. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕಗಳು ಅಂಗಳ ಗುಡಿಸುವ ಆ ಕಿಣ್ವವನ್ನು ಪೂರ್ತಿ ಕಟ್ಟಿಹಾಕುತ್ತವೆ. ಅಸಿಟೈಲ್ ಕೋಲೀನ್ ತುಂಬಿ ತುಳುಕಿ, ಬೆವರು, ಜೊಲ್ಲು, ಸ್ನಾಯುಗಳ ಅದುರು ಕಾಣಿಸಿಕೊಂಡು ಕಡೆಗೆ ಉಸಿರೇ ನಿಲ್ಲಬಹುದು. ತಂಗಿಯ ಗುಳಿಗೆ ಹದವಾಗಿ ಮಾಡುವ ಕೆಲಸವನ್ನೇ ಈ ವಿಷ ಮಿತಿಮೀರಿ ಮಾಡುತ್ತದೆ. ಆದ್ದರಿಂದ ಆ ಗುಳಿಗೆಯನ್ನೂ ವೈದ್ಯರು ಹೇಳಿದ ಪ್ರಮಾಣಕ್ಕಿಂತ ಹೆಚ್ಚಿಸಬಾರದು. ಗಾಳಿಗೆ ಎದುರಾಗಿ ಎಣ್ಣೆ ಹೊಡೆಯಬಾರದು. ಅದರ ಡಬ್ಬಿಗಳನ್ನು ಅಡಿಗೆಮನೆಗೆ ತರಲೇಬಾರದು.

ಮಯಸ್ತೇನಿಯಾ ಇರುವವರು ಯಾವ ವೈದ್ಯರ ಬಳಿಗೆ ಹೋದರೂ ಮೊದಲು ತಮ್ಮ ಬೇನೆಯ ಹೆಸರನ್ನು ಹೇಳಬೇಕು. ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಮೊದಲಾದ ಕೆಲವು ಆಂಟಿಬಯೋಟಿಕ್‌ಗಳೂ ಮ್ಯಾಗ್ನೀಸಿಯಂ ಚುಚ್ಚುಮದ್ದೂ ಇವರ ದೌರ್ಬಲ್ಯವನ್ನು ಹೆಚ್ಚಿಸಬಹುದು. ನುಂಗಲು ಇಲ್ಲವೆ ಉಸಿರಾಡಲು ತೊಂದರೆಯಾದರೆ ಬೆಳಗಾಗಲೆಂದು ಕಾಯಬಾರದು. ಹರೆಯದ ಹೆಣ್ಣುಮಕ್ಕಳಲ್ಲಿಯೂ ಇಳಿವಯಸ್ಸಿನ ಗಂಡಸರಲ್ಲಿಯೂ ಈ ಬೇನೆ ಹೆಚ್ಚಾಗಿ ಕಾಣಿಸುತ್ತದೆ. ದುಡಿದಂತೆ ಸೋಲುವ, ವಿಶ್ರಾಂತಿಯಿಂದ ಮರಳುವ ಶಕ್ತಿ, ಸಂಜೆಗೆ ಇಳಿಯುವ ರೆಪ್ಪೆ, ಒಂದು ವಸ್ತು ಎರಡಾಗಿ ಕಾಣುವುದು – ಇವು ಅದರ ಗುರುತುಗಳು.

ಸೊಸೆಯೊಬ್ಬಳು ಸಂಜೆಯ ಹೊತ್ತಿಗೆ ಗೋಡೆಗೊರಗಿ ಕುಳಿತರೆ ಎಲ್ಲ ಸಲವೂ ಅದು ಬೇನೆಯೇ ಎಂದು ನಾವು ಹೇಳುವುದಿಲ್ಲ. ಆದರೆ ಅವಳನ್ನು ಸೋಮಾರಿಯೆಂದು ಕರೆಯುವ ಮುನ್ನ, ಮುಂಜಾನೆ ಅವಳು ಹೇಗಿದ್ದಳೆಂದು ಒಮ್ಮೆ ನೆನೆಯುವುದು ಒಳ್ಳೆಯದು. ಕಪ್ಪೆ, ಮೀನು, ಹಾವು, ಮೊಲಗಳನ್ನು ಸಾಕ್ಷಿಗೆ ನಿಲ್ಲಿಸಿ ನೂರು ವರ್ಷ ದುಡಿದ ವಿಜ್ಞಾನಿಗಳು ಬಳಲಿದವರ ಮಾತು ನಿಜವೆಂದು ಸಾಧಿಸಿಕೊಟ್ಟಿದ್ದಾರೆ. ಆ ಮಾತನ್ನು ಮೊದಲು ನಂಬುವುದು, ಬಳಿಕ ವೈದ್ಯರಲ್ಲಿಗೆ ಕರೆದೊಯ್ಯುವುದು, ಇವೆರಡು ಮನೆಯವರ ಕೈಯಲ್ಲಿರುವ ಕೆಲಸಗಳು.